ಪೋರ್ಟ್ 53ರ ಮೇಲೆ ಯಾರೋ ಕೂತಿದ್ದಾರೆ, ಪೈ-ಹೋಲ್ ಏಳ್ತಾನೇ ಇಲ್ಲ

ತೊಗರಿಹೊಲ, ಕಲಬುರಗಿ

ನಮಸ್ಕಾರ ರೀ. ಹಳೇ ಲ್ಯಾಪ್‌ಟಾಪಿಗೆ ಉಬುಂಟು 22.04 (ಲಿನಕ್ಸ್) ಹಾಕಿ ಮನೆ ಸರ್ವರ್ ಮಾಡಿಕೊಂಡಿದ್ದೇನೆ. ಪಡಸಾಲೆಯ ಗೋಡೆಗೂಡಿನಲ್ಲಿ, ಮೊದಲು ಲಾಟೀನು ಇಡುತ್ತಿದ್ದ ಜಾಗದಲ್ಲಿ ಕೂತಿದೆ. ಬ್ಯಾಟರಿ ಬಿಸಿಲಿಗೆ ಉಬ್ಬಿತ್ತು, ತೆಗೆದಿಟ್ಟಿದ್ದೇನೆ.

ಅಪ್ಪ ಪಂಚಾಂಗ ನೋಡೋಕೆ ಫೋನ್ ತೆಗೆದರೆ ರಮ್ಮಿ ಆಟದ ಜಾಹೀರಾತು ಹಾರಿ ಬರುತ್ತದೆ. ಅದನ್ನು ತಡೆಯೋಣ ಅಂತ ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ‘ಕಂಟೇನರ್’ ಅನ್ನೋ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸೋ ಸಾಧನ) ಪೈ-ಹೋಲ್ ಹಾಕಲು ಹೋದೆ. ಪೈ-ಹೋಲ್ ಮನೆಯ ಡಿಎನ್‌ಎಸ್ ಆಗಿ, ಅಂದರೆ ವೆಬ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುತ್ತ, ಜಾಹೀರಾತಿನ ಹೆಸರುಗಳನ್ನು ತಡೆಯುತ್ತದೆ; ಡಿಎನ್‌ಎಸ್ ಕೆಲಸ ನಡೆಯೋದು ಪೋರ್ಟ್ 53ರಲ್ಲಿ. ‘ಪೋರ್ಟ್ 53, ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅಂದು ಕಂಟೇನರ್ ಮಲಗಿಬಿಡುತ್ತದೆ.

ಯಾವುದೋ ವಿಡಿಯೋ ನೋಡಿ ಸಿಸ್ಟಮ್‌ಡಿ-ರಿಸಾಲ್ವ್ಡ್ ಅನ್ನೋ ಸರ್ವೀಸನ್ನೇ ನಿಲ್ಲಿಸಿದೆ. ಆಮೇಲೆ ಡಾಕರ್‌ಗೆ ಬೇಕಾದ ಪೈ-ಹೋಲ್ ಇಮೇಜೂ ಇಳಿಯಲಿಲ್ಲ, ಉಬುಂಟುವಿನ ಆಪ್ಟ್ ಅಪ್‌ಡೇಟೂ ಆಗಲಿಲ್ಲ. ಗಾಬರಿಯಾಗಿ ವಾಪಸ್ ಚಾಲೂ ಮಾಡಿದ್ದೇನೆ. ಮುಂದೇನು?

ಟರ್ಮಿನಲ್ ಕಾಕಾ, ಬೀದರ್

ತಮ್ಮಾ, ಸರ್ವೀಸ್ ಕೊಲ್ಲಬೇಡ. ನಿನ್ನ ಮಷೀನಿಗೇ ಹೆಸರು ಹುಡುಕಿಕೊಡೋದು ಅದು.

ಮೊದಲು ಯಾರು ಕೂತಿದ್ದಾರೆ ನೋಡು. ಸುಡೊ ಜೊತೆ ಎಸ್‌ಎಸ್ ಕಮಾಂಡ್ ಕೊಡು, ಮೈನಸ್ ಹಾಕಿ ಎಲ್‌ಎನ್‌ಟಿಯುಪಿ. 127.0.0.53 (ಮಷೀನಿನ ಒಳಗಿನದೇ ವಿಳಾಸ) ಎದುರಿಗೆ ‘ಸಿಸ್ಟಮ್‌ಡಿ-ರಿಸಾಲ್ವ್’ ಅಂತ ಕಾಣುತ್ತದೆ. ಕೊನೆಯ ‘ಡಿ’ ಇರಲ್ಲ, 15 ಇಂಗ್ಲಿಷ್ ಅಕ್ಷರಕ್ಕೆ ಹೆಸರು ತುಂಡಾಗುತ್ತದೆ. ನಾನು ಒಂದು ಸಂಜೆಯೆಲ್ಲ ಇದು ಬೇರೆ ಪ್ರೋಗ್ರಾಂ ಅಂತಲೇ ಹುಡುಕಿದ್ದೆ!

ಬಸ್ಸಿನ ಸೀಟಿಗೆ ಕಿಟಕಿಯಿಂದ ಟವಲ್ ಹಾಕಿಟ್ಟ ಹಾಗೆ ಇದು. ಟವಲ್ ಮಾತ್ರ, ಅಂದರೆ ಆ ಸರ್ವೀಸ್ ಪೋರ್ಟ್ 53ರ ಮೇಲೆ ಕೂರಿಸಿದ ‘ಸ್ಟಬ್’ ಮಾತ್ರ ತೆಗೆಯಬೇಕು. ಇಟಿಸಿ, ಅದರೊಳಗೆ ಸಿಸ್ಟಮ್‌ಡಿ, ಅಲ್ಲಿ ರಿಸಾಲ್ವ್ಡ್ ಡಾಟ್ ಕಾನ್ಫ್ ತೆಗೆದು ‘ಡಿಎನ್‌ಎಸ್‌ಸ್ಟಬ್‌ಲಿಸನರ್’ ಸಾಲಿಗೆ ‘ನೋ’ ಬರೆ. ಸಾಲಿನ ಶುರುವಿನಲ್ಲಿರುವ ಹ್ಯಾಷ್ (#) ಅಳಿಸೋದು ಮರೀಬೇಡ. ‘ಡಿಎನ್‌ಎಸ್’ ಸಾಲಿಗೆ ಹೊರಗಿನ ಡಿಎನ್‌ಎಸ್ ಆದ 1.1.1.1 ಕೊಡು, ಪೈ-ಹೋಲ್ ಬಿದ್ದ ದಿನ ಸರ್ವರಿಗಾದರೂ ನೆಟ್ ಇರುತ್ತದೆ.

ಬಹಳ ಮಂದಿ ಇಲ್ಲಿಗೇ ನಿಲ್ಲಿಸಿ ಒದ್ದಾಡುತ್ತಾರೆ. ಇಟಿಸಿಯಲ್ಲಿರುವ ರಿಸಾಲ್ವ್ ಡಾಟ್ ಕಾನ್ಫ್ ನಿಜವಾದ ಫೈಲಲ್ಲ, ಬರೀ ಲಿಂಕ್. ಅದಿನ್ನೂ 127.0.0.53 ಕಡೆಗೇ ಕೈ ತೋರಿಸುತ್ತಿರಬಹುದು, ಅಲ್ಲಿ ಈಗ ಯಾರೂ ಇಲ್ಲ. ಲಿಂಕ್ ಅಳಿಸಿ ‘ರನ್/ಸಿಸ್ಟಮ್‌ಡಿ/ರಿಸಾಲ್ವ್’ ಒಳಗಿನ ರಿಸಾಲ್ವ್ ಡಾಟ್ ಕಾನ್ಫ್‌ಗೆ ಹೊಸದಾಗಿ ಕೊಡು. ಪಕ್ಕದಲ್ಲೇ ‘ಸ್ಟಬ್’ ಅನ್ನೋದು ಸೇರಿದ ಇನ್ನೊಂದಿದೆ, ಅದಲ್ಲ. ಆಮೇಲೆ ಸರ್ವೀಸ್ ರೀಸ್ಟಾರ್ಟ್ ಮಾಡು.

ಭೀಮಾದಂಡೆ, ಯಾದಗಿರಿ

ಇಷ್ಟೆಲ್ಲ ಯಾಕ್ರಿ? ಡಾಕರ್ ಪೋರ್ಟ್ ಸಾಲಿನಲ್ಲಿ ಲ್ಯಾಪ್‌ಟಾಪಿನ ಐಪಿ ಸೇರಿಸಿ ‘192.168.1.10:53:53’ ಅಂತ ಬರೆಯಿರಿ, ಟಿಸಿಪಿಗೂ ಯುಡಿಪಿಗೂ. ಸ್ಟಬ್ 127ರಲ್ಲಿ ಇರುತ್ತದೆ, ಇದು ಬೇರೆ ಐಪಿ. ಜಗಳವೇ ಇಲ್ಲ.

ಟರ್ಮಿನಲ್ ಕಾಕಾ, ಬೀದರ್

ಅದೂ ಸರಿ. ಆದರೆ ಇವನ ಲ್ಯಾಪ್‌ಟಾಪಿಗೆ ಬ್ಯಾಟರಿ ಇಲ್ಲ ನೋಡಿ. ಕರೆಂಟ್ ಹೋಗಿ ಬಂದಾಗ ರೌಟರಿಗಿಂತ ಮೊದಲೇ ಎದ್ದರೆ ಆ ಐಪಿ ಇನ್ನೂ ಸಿಕ್ಕಿರಲ್ಲ, ಕಂಟೇನರ್ ಮತ್ತೆ ಮಲಗುತ್ತದೆ. ಲ್ಯಾಪ್‌ಟಾಪಿನಲ್ಲೇ ಸ್ಟ್ಯಾಟಿಕ್ (ಬದಲಾಗದ) ಐಪಿ ಹಾಕಿ, ಕೇಬಲ್ಲಿನಲ್ಲಿ ಓಡಿಸಿದರೆ ಚಿಂತೆ ಕಡಿಮೆ.

ತೊಗರಿಹೊಲ, ಕಲಬುರಗಿ

ಆಯ್ತು ಕಾಕಾ! ನಿಮ್ಮ ದಾರಿಯೇ ಹಿಡಿದೆ. ನನ್ನದೂ ಲಿಂಕಿನದೇ ತಪ್ಪು. ರೌಟರಿನಲ್ಲಿ ಡಿಎನ್‌ಎಸ್ ಅನ್ನು ಪೈ-ಹೋಲ್‌ಗೆ ಬದಲಿಸಿದರೂ ಅಪ್ಪನ ಫೋನಿನಲ್ಲಿ ರಮ್ಮಿ ಆಗಾಗ ಬರುತ್ತಿತ್ತು. ನೋಡಿದರೆ ಎರಡನೇ ಖಾನೆಯಲ್ಲಿ ಗೂಗಲ್‌ನ ಡಿಎನ್‌ಎಸ್ 8.8.8.8 ಉಳಿದಿತ್ತು, ಫೋನ್ ಆ ಬಾಗಿಲಿನಿಂದ ಹೋಗುತ್ತಿತ್ತು. ತೆಗೆದ ಮೇಲೆ ಬಂದ್. ಅಮ್ಮನ ಯೂಟ್ಯೂಬ್ ಜಾಹೀರಾತು ಮಾತ್ರ ಹಾಗೇ ಇದೆ.

ಭೀಮಾದಂಡೆ, ಯಾದಗಿರಿ

ಅದು ಹೋಗಲ್ಲ ರೀ. ವಿಡಿಯೋ ಬರೋ ಹೆಸರಿನಿಂದಲೇ ಜಾಹೀರಾತೂ ಬರುತ್ತದೆ. ತಡೆದರೆ ಅಮ್ಮನ ರೊಟ್ಟಿ ವಿಡಿಯೋನೂ ನಿಲ್ಲುತ್ತದೆ, ಬೈಗುಳ ನಿಮಗೇ.