ಮಕ್ಕಳ ಜೊತೆ ಹೋಟೆಲ್ ಊಟ: ಮ್ಯೂನಿಕ್‌ನಲ್ಲಿ ನೀವೆಲ್ಲ ಹೇಗೆ ನಿಭಾಯಿಸುತ್ತೀರಾ?

ತುಮಕೂರಿನವಳು:
ಎಲ್ಲರಿಗೂ ನಮಸ್ಕಾರ. ನಾವು ಮ್ಯೂನಿಕ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಮಗಳಿಗೆ 6, ಮಗನಿಗೆ 3. ಊರಿಂದ ಅತ್ತೆ ಬಂದಿದ್ದಾರೆ. ಅವರಿಗೂ ಇಲ್ಲಿನ ಊಟ ತೋರಿಸೋಣ ಅಂತ ಶನಿವಾರ ರಾತ್ರಿ ಒಂದು ಬವೇರಿಯನ್ ಹೋಟೆಲ್‌ಗೆ ಹೋದೆವು.

ನೀರು ಕೇಳಿದರೆ ಗ್ಯಾಸ್ ನೀರು ಬಂತು. ಮಗ ಒಂದು ಗುಟುಕು ಕುಡಿದು "ಅಮ್ಮಾ, ನೀರು ಕಚ್ತಿದೆ" ಅಂತ ಮೇಜಿನ ಮೇಲೆಯೇ ಉಗಿದ. ಪಕ್ಕದ ಮೇಜಿನ ಕೆಳಗೆ ಕರುವಿನಷ್ಟು ದೊಡ್ಡ ನಾಯಿ ಮಲಗಿತ್ತು. ಅದನ್ನು ನೋಡಿ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಅತ್ತೆ ಕೊನೆವರೆಗೂ ಕಾಲು ಇಳಿಸಲಿಲ್ಲ. ಮಗಳು ಯಾರದೋ ಮೇಜು ತೋರಿಸಿ ಒಂದು ಸೂಪ್ ತರಿಸಿಕೊಂಡಳು. ತಿಳಿಸಾರಿನಲ್ಲಿ ದೋಸೆ ಚೂರು ತೇಲುತ್ತಿತ್ತು. ಅವಳು ಚಮಚ ಎತ್ತುವ ಹೊತ್ತಿಗೆ ನಮ್ಮೆಜಮಾನರು ಫೋನಿನಲ್ಲಿ ಮೆನು ಓದಿ, "ಮುಟ್ಬೇಡ, ದನದ ಮಾಂಸದ ಸಾರು ಅದು!" ಅಂತ ಕೂಗಿದರು. ಕೂಗಿಗೆ ನಾಯಿ ಎದ್ದಿತು. ನಾಯಿ ಎದ್ದಿದ್ದಕ್ಕೆ ಅತ್ತೆ ಕಿರುಚಿದರು. ಇಷ್ಟಾದ ಮೇಲೆ ಅತ್ತೆ ಬ್ಯಾಗಿನಿಂದ ಮೊಸರನ್ನದ ಡಬ್ಬಿ ತೆಗೆದು ಇಬ್ಬರಿಗೂ ಕೈತುತ್ತು ಕೊಡೋಕೆ ಶುರು ಮಾಡಿದರು. ವೇಟರ್ ಬಂದರು, ನೋಡಿದರು, ಮಗನ ಕೈಯಲ್ಲಿದ್ದ ಚಾಕು ಮಾತ್ರ ತೆಗೆದುಕೊಂಡು ಹೋದರು.

ಈಗ ನಗು ಬರುತ್ತೆ. ಆದರೆ ಅಕ್ಕಪಕ್ಕದವರು ನೋಡಿದ ರೀತಿಗೆ ಮಗಳು "ಅಜ್ಜಿ ಬಂದ್ರೆ ನಾನು ಬರಲ್ಲ" ಅಂತಿದ್ದಾಳೆ. ಅದೇ ಜಾಸ್ತಿ ಬೇಜಾರು. ಚಿಕ್ಕ ಮಕ್ಕಳಿರೋರು ಎಲ್ಲಿಗೆ ಹೋಗ್ತೀರಾ? ಮನೆ ಡಬ್ಬಿ ಒಯ್ಯಬಹುದಾ? ಸಸ್ಯಾಹಾರಿಗಳು ಏನು ತಿನ್ನೋದು?

ಬಿಸಿಬೇಳೆ:
ನೀರು ಕಚ್ತಿದೆ! ಆಫೀಸಿನಲ್ಲಿ ಒಬ್ಬನೇ ಕೂತು ನಗ್ತಾ ಇದ್ದೀನಿ.

ಹಳೇ ಮೈಸೂರು:
ನಾನು ಯಾವಾಗಲೂ ಹೇಳೋದು ಒಂದೇ. ಮಕ್ಕಳನ್ನ ಫೆರೈನ್‌ಗೆ, ಅಂದರೆ ಇಲ್ಲಿನ ಕ್ಲಬ್‌ಗೆ ಸೇರಿಸಿ. ಫುಟ್‌ಬಾಲೋ, ಜಿಮ್ನಾಸ್ಟಿಕ್ಸೋ, ಏನಾದರೂ ಆಗಲಿ. ಇಲ್ಲಿನ ಮಕ್ಕಳ ಜೊತೆ ಬೆರೆತರೆ ಊಟ, ಭಾಷೆ ಎಲ್ಲ ತಾನಾಗಿ ಬರುತ್ತೆ.

ಧಾರವಾಡ ಪೇಢೆ:
ತಂಗಿ, ಡಬ್ಬಿ ಒಯ್ಯೋಕೆ ಬಿಯರ್ ಗಾರ್ಡನ್‌ಗಿಂತ ಒಳ್ಳೆ ಜಾಗ ಇಲ್ಲ. ಹೆಸರು ಕೇಳಿ ಅತ್ತೆ ಗಾಬರಿಯಾಗಬಾರದು, ಅಷ್ಟೇ. ಬಟ್ಟೆ ಹಾಸಿದ ಮೇಜು ಬಿಡಿ, ಅಲ್ಲಿ ವೇಟರ್ ಬರ್ತಾರೆ. ನಾವೇ ಹೋಗಿ ತರುವ ಕಡೆ, ಬರೀ ಮರದ ಮೇಜಿಗೆ ಕೂತರೆ ಮನೆ ಊಟ ಬಿಚ್ಚಬಹುದು. ಕುಡಿಯೋದನ್ನ ಮಾತ್ರ ಅಲ್ಲೇ ಕೊಳ್ಳಬೇಕು. ಮಕ್ಕಳಿಗೆ ಸೇಬಿನ ರಸ ಸಿಗುತ್ತೆ. 1812ರಲ್ಲಿ ಇಲ್ಲಿನ ರಾಜ ಬಿಯರ್ ಮಾಡುವವರಿಗೆ ತಮ್ಮ ನೆಲಮಾಳಿಗೆ ಹತ್ತಿರವೇ ಬಿಯರ್ ಮಾರೋಕೆ ಬಿಟ್ಟ, ಬ್ರೆಡ್ ಬಿಟ್ಟು ಬೇರೆ ಊಟ ಮಾರಬಾರದು ಅಂದ. ಜನ ಬುತ್ತಿ ಕಟ್ಟಿಕೊಂಡು ಹೋದರು. ಆ ರೂಢಿ 1999ರ ಬವೇರಿಯಾ ನಿಯಮದಲ್ಲೂ ಉಳಿದುಕೊಂಡಿದೆ. ಹಿರ್ಷ್‌ಗಾರ್ಟನ್‌ಗೆ ಹೋಗಿ. ಜಿಂಕೆ ಇವೆ, ಮಕ್ಕಳು ಆಡೋ ಜಾಗ ಇದೆ. ಸುಮಾರು 8,000 ಜನ ಕೂರಬಹುದು, ನಿಮ್ಮವರು ಎಷ್ಟು ಕೂಗಿದರೂ ಯಾರಿಗೂ ಕೇಳಲ್ಲ.

ಹೋಟೆಲ್ ಒಳಗಾದರೆ ಕೇಜೆ ಶ್ಪೆಟ್ಸ್‌ಲೆ ಹೇಳಿ, ಗಿಡ್ಡ ನೂಡಲ್ಸ್ ತರಹ ಇರುತ್ತೆ. ಚೀಸ್ ಹಾಕಿರ್ತಾರೆ, ಮೇಲೆ ಹುರಿದ ಈರುಳ್ಳಿ. ಹಿಟ್ಟಿಗೆ ಮೊಟ್ಟೆ ಹಾಕ್ತಾರೆ, ಅದು ನಿಮಗೆ ಬಿಟ್ಟಿದ್ದು. ಮಕ್ಕಳ ಮೆನುವಿನಲ್ಲಿ ಸಾಸ್ ಹಾಕಿದ ಶ್ಪೆಟ್ಸ್‌ಲೆ ಇದ್ದರೆ ಕೇಳಿಯೇ ತಗೊಳ್ಳಿ, ಆ ಸಾಸ್ ಸಾಮಾನ್ಯವಾಗಿ ಮಾಂಸದ್ದು. ತುಂಬಾ ಕಡೆ "ರಾಯ್ಬರ್ ಟೆಲ್ಲರ್" ಅಂತ ಮಕ್ಕಳಿಗೆ ಖಾಲಿ ತಟ್ಟೆ, ಚಮಚ ಕೊಡ್ತಾರೆ. ನಮ್ಮ ತಟ್ಟೆಯಿಂದ ಕದ್ದು ತಿನ್ನಬಹುದು. ನೀರು "ಸ್ಟಿಲ್" ಅಂತ ಹೇಳಿ, ಇಲ್ಲದಿದ್ದರೆ ಗ್ಯಾಸೇ ಬರೋದು.

ರೈನ್ ತೀರದ ರಾಯರು:
ಎಲ್ಲರೂ ಸುತ್ತಿ ಬಳಸಿ ಮಾತಾಡ್ತಿದ್ದೀರಿ. ಮೂಲ ಸಮಸ್ಯೆ ಸಸ್ಯಾಹಾರ. ಜರ್ಮನಿಯಲ್ಲಿ ಬೆಳೆಯೋ ಮಕ್ಕಳ ಮೇಲೆ ನಮ್ಮ ಅಜ್ಜಂದಿರ ಮಡಿ ಹೇರಬೇಡಿ. ಎಲ್ಲ ತಿನ್ನಿಸಿ. ನನ್ನ ಇಬ್ಬರು ಮಕ್ಕಳೂ ಎಲ್ಲ ತಿಂತಾರೆ, ಇಬ್ಬರೂ ಡಾಕ್ಟರ್.

ಬಿಸಿಬೇಳೆ:
ರಾಯರೇ, ಮಾಂಸ ತಿಂದಿದ್ದಕ್ಕೆ ಡಾಕ್ಟರ್ ಆದ್ರಾ?

ಮಂಡ್ಯದ ಮುದ್ದೆ:
ನಮ್ಮ ಮನೆಯಲ್ಲಿ ಹುಟ್ಟಾ ಮಾಂಸ ತಿನ್ನೋರೇ. ನಾಟಿ ಕೋಳಿ ಸಾರು ಅಂದರೆ ಮಗ ತಟ್ಟೆ ನೆಕ್ತಾನೆ. ಇಲ್ಲಿ ಹಂದಿ ರೋಸ್ಟ್ ಮುಂದಿಟ್ಟರೆ "ಖಾರ ಎಲ್ಲಿ" ಅಂತ ಅಳ್ತಾನೆ. ಕೊನೆಗೆ ಅವನಿಗೂ ಪೊಮೆಸ್ಸೇ (ಫ್ರೆಂಚ್ ಫ್ರೈಸ್) ಗತಿ. ಮಡಿಗೂ ಇದಕ್ಕೂ ಸಂಬಂಧ ಇಲ್ಲ ಸಾರ್.

ರೈನ್ ತೀರದ ರಾಯರು:
ಅದು ಅಭ್ಯಾಸ ಮಾಡಿಸದೇ ಇದ್ದಿದ್ದರ ಫಲ. ನಾನು ಬಂದ ಕಾಲದಲ್ಲಿ ಕರಿಬೇವು ಸಿಕ್ಕೋದೇ ಕಷ್ಟ. ಈಗ ಎಲ್ಲ ಸಿಗುತ್ತೆ, ಅದಕ್ಕೇ ಯಾರೂ ಬದಲಾಗಲ್ಲ.

ಸಾಗರದ ಸೊಸೆ:
ಬದಲಾಗಬೇಕು ಅಂತ ಯಾರು ಹೇಳಿದ್ದು? ನಮ್ಮ ಮಗಳು ಶಾಲೆಯಲ್ಲಿ ಧೈರ್ಯವಾಗಿ "ನಾನು ಮಾಂಸ ತಿನ್ನಲ್ಲ" ಅಂತಾಳೆ. ಈಗ ಅವಳ ತರಗತಿಯ ಜರ್ಮನ್ ಮಕ್ಕಳೇ ಸಸ್ಯಾಹಾರಿ ಆಗ್ತಿದ್ದಾರೆ. ನೀವು ಯಾವ ಕಾಲದ ಜರ್ಮನಿಯಲ್ಲಿದ್ದೀರಾ?

(ಇಲ್ಲಿಂದ ಮುಂದೆ ಬಂದ ಉತ್ತರಗಳೆಲ್ಲ ಪ್ರೋಟೀನ್, ಬಿ12, ಮಠ, ಮೊಟ್ಟೆ. ಅವನ್ನು ಮಡಚಿದ್ದೇನೆ. ಅಡ್ಮಿನ್)

ಹಾಸನದ ಅಕ್ಕ:
ನನ್ನ ಅತ್ತೆ ಇಲ್ಲಿಗೆ ಬರಬೇಕು ಅಂತ ಪಾಸ್‌ಪೋರ್ಟ್ ಮಾಡಿಸಿ ಇಟ್ಟಿದ್ದರು. ವೀಸಾ ಆಗೋ ಮೊದಲೇ ಹೋಗಿಬಿಟ್ಟರು. ನಿಮ್ಮ ಪೋಸ್ಟ್ ಓದಿ ಆ ಡಬ್ಬಿ ಮೇಲೆ ಹೊಟ್ಟೆಕಿಚ್ಚಾಯಿತು.

ಮಗಳ ವಿಷಯ ಯಾರೂ ಮಾತಾಡಲೇ ಇಲ್ಲ ಅಲ್ವಾ? ಮುಂದಿನ ಸಲ ಆರ್ಡರ್ ಮಾಡೋ ಕೆಲಸ ಅವಳಿಗೇ ಕೊಡಿ. ಶಾಲೆಗೆ ಹೋಗೋ ಮಗುವಿನ ಜರ್ಮನ್ ನಮ್ಮದಕ್ಕಿಂತ ಚೆನ್ನಾಗಿರುತ್ತೆ. ಅಜ್ಜಿಗೆ ಏನು ಬೇಕು ಅಂತ ಅವಳೇ ಕೇಳಿ ಹೇಳಲಿ. ಅಜ್ಜಿ ಅವಳ ಜವಾಬ್ದಾರಿ ಆದರೆ ನಾಚಿಕೆ ಕಮ್ಮಿಯಾಗುತ್ತೆ. ನಮ್ಮ ಚಿಕ್ಕವಳಿಗೆ ಹೀಗೇ ಮಾಡಿದ್ದು. ದುಡ್ಡು ಕೊಡೋವಾಗ ಟಿಪ್ಸ್ ಸೇರಿಸಿ ಒಟ್ಟು ಎಷ್ಟು ಅಂತ ಹೇಳೋದೂ ಅವಳೇ.

ಹಳೇ ಮೈಸೂರು:
ಫೆರೈನ್‌ಗೆ ಹೋದರೆ ನಾಚಿಕೆಯೂ ಹೋಗುತ್ತೆ.

ತುಮಕೂರಿನವಳು:
ಪೇಢೆ ಅಣ್ಣಾ, ಅಕ್ಕಾ, ತುಂಬಾ ಥ್ಯಾಂಕ್ಸ್. ಭಾನುವಾರ ಮಳೆ ಇಲ್ಲದಿದ್ದರೆ ಹಿರ್ಷ್‌ಗಾರ್ಟನ್. ಪುಳಿಯೋಗರೆ, ಚಟ್ನಿಪುಡಿ ಒಯ್ತೀವಿ. ಅತ್ತೆಗೆ "ಜಿಂಕೆ ಪಾರ್ಕ್" ಅಂತ ಮಾತ್ರ ಹೇಳಿದ್ದೀನಿ. ಸೇಬಿನ ರಸ ತರೋ ಕೆಲಸ ಮಗಳಿಗೆ. ಬರೋರು ಯಾರಾದರೂ ಇದ್ದೀರಾ?

ಮಂಡ್ಯದ ಮುದ್ದೆ:
ನಾವು ಬರ್ತೀವಿ. ಅಲ್ಲಿ ನಾಯಿ ಜಾಸ್ತಿ, ಈಗಲೇ ಹೇಳಿಡಿ.

ಅಡ್ಮಿನ್:
ಮಾಂಸ, ಸೊಪ್ಪಿನ ಚರ್ಚೆ ಮಾಡೋರು ದಯವಿಟ್ಟು ಬೇರೆ ಪೋಸ್ಟ್ ಹಾಕಿ.

ರೈನ್ ತೀರದ ರಾಯರು:
ಯಾಕೆ ಬೇರೆ? ನಾನು ಹೇಳಿದ್ದಕ್ಕೆ ಇನ್ನೂ ಒಬ್ಬರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.