ಕ್ಷೌರದ ಕತ್ತಿಗೆ ಬೀಟೆ ಮರದ ಹಿಡಿ: ಅಲಗು ಒಂದು ಬದಿಗೆ ತಾಗುತ್ತಿದೆ, ಪಿನ್ ಬಳಿ ಸೀಳು ಬಿಟ್ಟಿದೆ

ಹೊಸಕತ್ತಿ:
ಎಲ್ಲರಿಗೂ ನಮಸ್ಕಾರ. ಜರ್ಮನಿಯ ಸೊಲಿಂಗೆನ್‌ನ ಹಳೆಯ 6/8 (ಅಲಗಿನ ಅಗಲ ಇಂಚಿನ ಎಂಟನೇ ಆರು ಭಾಗ) ಕತ್ತಿಗೆ ಬೀಟೆ ಮರದ ಹಿಡಿ ಕೂರಿಸಿದ್ದೇನೆ. ಮೊದಲಿದ್ದ ಸೆಲ್ಯುಲಾಯ್ಡ್ ಹಿಡಿ ಒಡೆದಿತ್ತು. ಅಳತೆಗಳು ಹೀಗಿವೆ.

ಹಿಡಿಯ ಎರಡು ಪಟ್ಟಿಗಳ ಉದ್ದ 150 ಮಿ.ಮೀ. ಎಡಪಟ್ಟಿಯ ದಪ್ಪ 2.9 ಮಿ.ಮೀ., ಬಲಪಟ್ಟಿಯದು 3.4 ಮಿ.ಮೀ. ಬಾಲದ ತುದಿಯಲ್ಲಿ ಪಟ್ಟಿಗಳ ನಡುವೆ ಕೂರುವ ಬೆಣೆ ಅದೇ ಮರದ್ದು, 18 ಮಿ.ಮೀ. ಉದ್ದ, ಎಲ್ಲ ಕಡೆ ಒಂದೇ ಸಮ 3 ಮಿ.ಮೀ. ದಪ್ಪ. ಟ್ಯಾಂಗ್ (ಅಲಗಿನ ಹಿಂದೆ ಪಿನ್ ಹಾಯುವ ಉಕ್ಕಿನ ಭಾಗ) ತೂತಿನ ಹತ್ತಿರ 4.8 ಮಿ.ಮೀ. ದಪ್ಪ, ಅದರ ಎರಡೂ ಬದಿಗೆ 0.3 ಮಿ.ಮೀ.ನ ಹಿತ್ತಾಳೆ ವಾಷರ್. ಪಿನ್‌ಗೆ 1.6 ಮಿ.ಮೀ. ಹಿತ್ತಾಳೆ ಸರಳು. ಮರದ ತೂತನ್ನು 1.5ರ ಬಿಟ್‌ನಲ್ಲಿ ಕೊರೆದು ಪಿನ್ ಬಿಗಿಯಾಗಿ ತೂರಿಸಿದ್ದು.

ತೊಂದರೆ ಮೂರು. ಮುಚ್ಚುವಾಗ ಅಲಗಿನ ತುದಿ ಕಡೆಯ ಮೂರನೇ ಒಂದು ಭಾಗ ಎಡಪಟ್ಟಿಗೆ ಉಜ್ಜುತ್ತದೆ. ಹತ್ತು ಸಲ ತೆಗೆದು ಮುಚ್ಚುವಷ್ಟರಲ್ಲಿ ಕತ್ತಿ ಸಡಿಲವಾಗಿ ತಾನಾಗಿ ಬೀಳುತ್ತಿದೆ. ಬಿಗಿ ಮಾಡಲೆಂದು ಪಿನ್ನಿಗೆ ಮತ್ತೆರಡು ಸುತ್ತು ಹೊಡೆದಾಗ ಎಡಪಟ್ಟಿಯಲ್ಲಿ ಪಿನ್‌ನಿಂದ ಮರದ ನಾರಿನ ಗುಂಟ ಸುಮಾರು 8 ಮಿ.ಮೀ. ಕೂದಲೆಳೆಯ ಸೀಳು ಬಿತ್ತು. ಒಳಮೈಯನ್ನು ಉಜ್ಜಿ ಜಾಗ ಮಾಡಿದರೆ ಸಾಕೇ? ಸೀಳನ್ನು ಉಳಿಸಿಕೊಳ್ಳಬಹುದೇ?

ಬೀಟೆಚಕ್ಕೆ:
ಮೊದಲು ಸುತ್ತಿಗೆ ಕೆಳಗಿಡಿ. ಮೂರೂ ತೊಂದರೆಗಳ ಬೇರು ಬೆಣೆಯಲ್ಲಿದೆ, ಪಿನ್‌ನಲ್ಲಲ್ಲ.

ನಿಮ್ಮ ಬೆಣೆ ಸಮದಪ್ಪದ್ದು. ಅದರ ಮೇಲೆ ಕೂತ ಪಟ್ಟಿಗಳು ನೆಟ್ಟಗೆ, ಒಂದಕ್ಕೊಂದು ಸಮಾಂತರವಾಗಿ ಹೋಗುತ್ತವೆ, ಅಂದರೆ ಪಿವಟ್ (ಅಲಗು ತಿರುಗುವ ಪಿನ್) ತುದಿಯಲ್ಲೂ ನಡುವಿನ ಅಂತರ 3 ಮಿ.ಮೀ. ಮಾತ್ರ. ಅಲ್ಲಿ ನೀವು ತೂರಿಸಿರುವುದು 4.8 ಮತ್ತು ಎರಡು ವಾಷರ್ ಸೇರಿ 5.4. ಪಟ್ಟಿಗಳನ್ನು ಬಲವಂತವಾಗಿ 2.4 ಮಿ.ಮೀ. ಅಗಲಿಸಿದ ಹಾಗಾಯಿತು. ಹೀಗೆ ಅಗಲಿಸಿದಾಗ ಪಟ್ಟಿಯ ನಡುಭಾಗ ಒಳಕ್ಕೆ, ಅಲಗಿನ ಕಡೆಗೆ ಬಾಗುತ್ತದೆ. ಅಲಗು ತಾಗದೆ ಇನ್ನೇನು ಮಾಡೀತು?

ಎಡಕ್ಕೇ ಏಕೆ ತಾಗುತ್ತದೆ ಎಂದರೆ, ಹಲಗೆಯ ಬಿಗುಪು ಅದರ ದಪ್ಪದ ಘನದಷ್ಟು ಏರುತ್ತದೆ. 3.4 ಮತ್ತು 2.9ರ ನಡುವೆ ವ್ಯತ್ಯಾಸ ಅರ್ಧ ಮಿಲಿಮೀಟರ್ ಆದರೂ ಬಲಪಟ್ಟಿ ಎಡಪಟ್ಟಿಗಿಂತ 1.6 ಪಟ್ಟು ಬಿಗಿ. ಬಲಪಟ್ಟಿ ಕಡಿಮೆ ಬಾಗುತ್ತದೆ, ಬಾಗುವ ಕೆಲಸದ ಹೆಚ್ಚಿನ ಭಾಗ ತೆಳು ಪಟ್ಟಿಯ ಪಾಲಿಗೆ. ಪಿನ್ ದಪ್ಪ ಪಟ್ಟಿಗೆ ಲಂಬವಾಗಿ ನಿಂತು ಅಲಗನ್ನು ತೆಳು ಪಟ್ಟಿಯ ಕಡೆ ವಾಲಿಸುತ್ತದೆ.

ಬೆಣೆಗೆ ಇಳಿಜಾರು ಬೇಕು. ಪಿವಟ್ ಕಡೆ ದಪ್ಪ, ಬಾಲದ ಕಡೆ ತೆಳು. ನಿಮ್ಮ ಅಳತೆಗೆ ಮುಂದೆ 2.9, ಹಿಂದೆ 2.2 ಇಡಿ. 18 ಮಿ.ಮೀ. ಉದ್ದದಲ್ಲಿ 0.7 ಇಳಿದರೆ, ಬೆಣೆಯ ಮುಂಭಾಗದಿಂದ ಪಿವಟ್‌ವರೆಗಿನ ಸುಮಾರು 115 ಮಿ.ಮೀ.ಗೆ 4.5 ಮಿ.ಮೀ. ಅಗಲುತ್ತದೆ. 2.9 ಕೂಡಿಸಿದರೆ ಪಿವಟ್ ತುದಿಯಲ್ಲಿ ಅಂತರ 7.4. ನಿಮಗೆ ಬೇಕಾದ್ದು 5.4. ಉಳಿದ 2 ಮಿ.ಮೀ.ಯನ್ನು ಪಿನ್ ಒಳಕ್ಕೆ ಎಳೆದು ಹಿಡಿಯುತ್ತದೆ, ಆಗ ಪಟ್ಟಿಗಳು ಹೊರಕ್ಕೆ ಸಣ್ಣ ಹೊಟ್ಟೆ ಬಿಡುತ್ತವೆ. ಅಲಗಿಗೆ ಜಾಗವೂ ಸಿಗುತ್ತದೆ, ಪಿವಟ್ಟಿಗೆ ಸ್ಪ್ರಿಂಗ್‌ನಂಥ ಬಿಗಿಯೂ ಬರುತ್ತದೆ. ಒಳ್ಳೆಯ ಕತ್ತಿ ಎಷ್ಟು ಕೋನಕ್ಕೆ ತೆರೆದರೂ ಅಲ್ಲೇ ನಿಲ್ಲುವುದು ಈ ಬಿಗಿಯಿಂದಲೇ.

ಒಳಮೈ ಉಜ್ಜಬೇಡಿ. 2.9ರ ಪಟ್ಟಿಯನ್ನು ಇನ್ನೂ ತೆಳು ಮಾಡಿದರೆ ಅದು ಮತ್ತಷ್ಟು ಬಾಗುತ್ತದೆ.

ಹಿತ್ತಾಳೆಮೊಳೆ:
ಬೆಣೆಯ ಲೆಕ್ಕ ಸರಿ. ಸೀಳಿಗೆ ಮಾತ್ರ ಇನ್ನೊಂದು ಕಾರಣವಿದೆ, ತೂತು. 1.6ರ ಸರಳಿಗೆ ಮರದಲ್ಲಿ 1.7 ಮಿ.ಮೀ. ತೂತು ಬೇಕು. ತಲೆ ಬಡಿಯುವಾಗ ಸರಳು ಮೇಲೆ ಮಾತ್ರ ಅಗಲವಾಗುವುದಿಲ್ಲ, ಒಳಗಿನ ಭಾಗವೂ ಉಬ್ಬುತ್ತದೆ. ಬಿಗಿಯಾದ ತೂತಿನಲ್ಲಿ ಆ ಉಬ್ಬು ಮರವನ್ನು ನಾರಿನ ಗುಂಟ ಸೀಳುತ್ತದೆ. ನಿಮ್ಮಲ್ಲಿ ಆಗಿರುವುದು ಅದೇ.

ಸರಳು ಎಷ್ಟು ಹೊರಗೆ ಉಳಿದಿತ್ತು ಎಂದು ಬರೆದಿಲ್ಲ. ಪಟ್ಟಿಯ ಹೊರಗೆ ಪಿನ್ನಿನ ತಲೆಯಡಿ ಬರುವ ವಾಷರ್ ಮೇಲೆ 0.8 ಮಿ.ಮೀ., ಅಂದರೆ ಸರಳಿನ ವ್ಯಾಸದ ಅರ್ಧ, ಸಾಕು. ಅದಕ್ಕಿಂತ ಹೆಚ್ಚು ಬಿಟ್ಟರೆ ಹೊಡೆತಕ್ಕೆ ಪಿನ್ ಒಳಗೇ ಬಾಗುತ್ತದೆ. ಕಡಿಮೆ ಬಿಟ್ಟರೆ ಗುಂಡುತಲೆ ಆಗುವುದೇ ಇಲ್ಲ. ಸುತ್ತಿಗೆ 100 ಗ್ರಾಂ ಮೀರಬಾರದು, ಗುಂಡುಮುಖದ್ದೇ ಇರಲಿ. ಪೆಟ್ಟು ನಡುವಿಗಲ್ಲ, ಅಂಚಿನ ಸುತ್ತ. ಒಂದು ಬದಿಗೆ ಎಂಟು ಹತ್ತು ಲಘು ಪೆಟ್ಟು, ತಿರುಗಿಸಿ ಇನ್ನೊಂದು ಬದಿಗೆ ಅಷ್ಟೇ, ಪ್ರತಿ ಸುತ್ತಿಗೂ ಕತ್ತಿ ತೆರೆದು ನೋಡಿ. ಪೆಟ್ಟಿನ ಸದ್ದು ಕೇಳಿಸಬೇಕೇ ಹೊರತು ಕೈಗೆ ಅದರ ಭಾರ ತಿಳಿಯಬಾರದು.

ಅಂಗಡಿಯ ಹಿತ್ತಾಳೆ ಸರಳು ಗಡುಸಾಗಿರುತ್ತದೆ. ಗ್ಯಾಸ್ ಉರಿಯಲ್ಲಿ ಮಬ್ಬುಗೆಂಪಾಗುವವರೆಗೆ ಕಾಯಿಸಿ ನೀರಿಗೆ ಬಿಟ್ಟರೆ ಮೆತ್ತಗಾಗುತ್ತದೆ. ಉಕ್ಕಿನಂತೆ ಹಿತ್ತಾಳೆ ನೀರಿಗೆ ಬಿದ್ದರೆ ಗಡುಸಾಗುವುದಿಲ್ಲ, ಭಯ ಬೇಡ. ಈ ಕೆಲಸ ಪಿನ್ ಜೋಡಿಸುವ ಮೊದಲೇ ಆಗಬೇಕು. ಕತ್ತಿಯ ಹತ್ತಿರ ಉರಿ ತರಲೇಬಾರದು, ಅಲಗಿನ ಹದ ಹೋಗುತ್ತದೆ.

ಸೀಳಿಗೆ ತೆಳು ಸೂಪರ್‌ಗ್ಲೂ ಬಿಟ್ಟರೆ ಒಳಕ್ಕೆ ಹೀರಿಕೊಂಡು ಮುಚ್ಚಿಕೊಳ್ಳುವುದು ನಿಜ. ಆದರೆ ಪಿವಟ್ಟಿನ ಹತ್ತಿರ ಪ್ರತಿ ಸಲ ತೆರೆದಾಗಲೂ ಭಾರ ಬೀಳುತ್ತದೆ, ಅಲ್ಲಿ ಅಂಟಿನ ಸೀಳು ಮತ್ತೆ ತೆರೆದುಕೊಳ್ಳುತ್ತದೆ. ಇದು ಮುಖದ ಮೇಲೆ ಆಡುವ ಕತ್ತಿ. ಹೊಸ ಪಟ್ಟಿ ಮಾಡಿ. ಒಂದಲ್ಲ, ಎರಡೂ. ಒಂದೇ ತುಂಡನ್ನು ಪುಸ್ತಕದಂತೆ ಸೀಳಿ ಎರಡು ಮಾಡಿಕೊಂಡರೆ ನಾರೂ ಬಿಗುಪೂ ಹೊಂದುತ್ತವೆ.

ಹೊಸಕತ್ತಿ:
ಅರ್ಥವಾಯಿತು ಸರ್, ಹೊಸದಾಗಿಯೇ ಮಾಡುತ್ತೇನೆ. ಎರಡು ಪ್ರಶ್ನೆ. ಹಳೆಯ ಪಿನ್ನನ್ನು ಕತ್ತಿಗೆ ಪೆಟ್ಟಾಗದಂತೆ ತೆಗೆಯುವುದು ಹೇಗೆ? 18 ಮಿ.ಮೀ. ಚೂರಿನಲ್ಲಿ 0.7ರ ಇಳಿಜಾರನ್ನು ಕೈಯಲ್ಲಿ ತರಲು ಆಗುತ್ತಾ?

ಹಿತ್ತಾಳೆಮೊಳೆ:
ಅಲಗಿನ ಅಂಚಿಗೆ ಮೊದಲು ಟೇಪ್ ಸುತ್ತಿ, ಎರಡು ಪದರ. ಆಮೇಲೆ ಪಿನ್ನಿನ ಒಂದು ತಲೆಯನ್ನು ಸಣ್ಣ ಅರದಲ್ಲಿ ವಾಷರ್ ಮಟ್ಟಕ್ಕೆ ಉಜ್ಜಿ. ಮರ ಗೀರದಂತೆ ತಗಡಿನ ಚೂರಿಗೆ ತೂತು ಮಾಡಿ ವಾಷರ್ ಸುತ್ತ ಇಟ್ಟುಕೊಳ್ಳಿ. 4 ಮಿ.ಮೀ. ತೂತು ಕೊರೆದ ಮರದ ತುಂಡಿನ ಮೇಲೆ ಹಿಡಿಯನ್ನಿಟ್ಟು 1.5 ಮಿ.ಮೀ. ಪಂಚ್‌ನಿಂದ ತಟ್ಟಿದರೆ ಪಿನ್ ಕೆಳಗಿಳಿಯುತ್ತದೆ. ಡ್ರಿಲ್ ಹಾಕಿ ತೆಗೆಯಲು ಹೋಗಬೇಡಿ. ಬಿಟ್ ಗುಂಡುತಲೆಯಿಂದ ಜಾರಿ ಮರಕ್ಕೋ ಟ್ಯಾಂಗಿಗೋ ಬೀಳುತ್ತದೆ.

ಪಿನ್ ತೆಗೆದ ಮೇಲೆ ಟ್ಯಾಂಗಿನ ತೂತನ್ನು ಅಳೆಯಿರಿ. ಹಳೆಯ ಕತ್ತಿಗಳಲ್ಲಿ ಸವೆದು 2.4 ಮಿ.ಮೀ.ವರೆಗೆ ಆಗಿರುವುದುಂಟು. ಹಾಗಿದ್ದರೆ 1.6ರ ಸರಳು ಒಳಗೆ ಅಲ್ಲಾಡುತ್ತದೆ, ಎಷ್ಟು ಬಡಿದರೂ ಸಡಿಲ ಹೋಗದು. ಮಾಡೆಲ್ ವಿಮಾನದ ಸಾಮಾನು ಮಾರುವಲ್ಲಿ 3/32 ಇಂಚಿನ ಹಿತ್ತಾಳೆ ಕೊಳವೆ ಸಿಗುತ್ತದೆ. ಅದರೊಳಗೆ 1/16 ಇಂಚಿನ ಸರಳು ಸರಿಯಾಗಿ ಕೂರುತ್ತದೆ. ಕೊಳವೆಯನ್ನು ಟ್ಯಾಂಗಿನ ದಪ್ಪಕ್ಕೆ ಕತ್ತರಿಸಿ ತೂತಿನೊಳಗೆ ಬುಷ್ (ಒಳಬಳೆ) ಮಾಡಿ ಕೂರಿಸಿ.

ಬೀಟೆಚಕ್ಕೆ:
18 ಮಿ.ಮೀ. ಚೂರನ್ನು ಬೆರಳಲ್ಲಿ ಹಿಡಿದು ಉಜ್ಜಿದರೆ ಮೇಲ್ಮೈ ಗುಂಡಾಗುವುದು ಖಂಡಿತ. 60 ಮಿ.ಮೀ. ಉದ್ದದ ತುಂಡು ತೆಗೆದುಕೊಳ್ಳಿ. ಅದೇ ಇಳಿಜಾರು ಅಷ್ಟು ಉದ್ದಕ್ಕೆ 2.3 ಮಿ.ಮೀ. ಆಗುತ್ತದೆ, ಹಾಗಾಗಿ ಒಂದು ತುದಿ 4, ಇನ್ನೊಂದು 1.7. ಗಾಜಿನ ಮೇಲೆ 120ರ ಉಪ್ಪುಕಾಗದ ಅಂಟಿಸಿ, ತುಂಡಿನ ಮೈಮೇಲೆ ಪೆನ್ಸಿಲ್ ಗೆರೆ ಎಳೆದು, ತೆಳುವಾಗಬೇಕಾದ ತುದಿಗೆ ಭಾರ ಕೊಟ್ಟು ಉಜ್ಜಿ. ಹತ್ತು ಎಳೆತಕ್ಕೊಮ್ಮೆ ಕ್ಯಾಲಿಪರ್ ಇಡಿ. ಎರಡು ಮೈಗೂ ಸಮವಾಗಿ ಹಂಚಿ, ಒಂದೇ ಮೈಯಲ್ಲಿ ಪೂರ್ತಿ ತೆಗೆಯಬೇಡಿ. ಕೊನೆಗೆ 2.9ರಿಂದ 2.2ರವರೆಗಿನ ಭಾಗವನ್ನಷ್ಟೇ ಕತ್ತರಿಸಿಕೊಳ್ಳಿ. ಅಗಲದಲ್ಲಿ 2 ಮಿ.ಮೀ. ಹೆಚ್ಚಿಗೆ ಉಳಿಸಿ, ಪಟ್ಟಿಯ ಅಂಚಿಗೆ ಹೊಂದಿಸುವುದು ಆಮೇಲಿನ ಕೆಲಸ.

ಪಟ್ಟಿಗಳನ್ನು ಎರಡು ಬದಿ ಅಂಟುವ ಟೇಪಿನಿಂದ ಜೋಡಿಸಿ ಡ್ರಿಲ್ ಸ್ಟ್ಯಾಂಡಿನಲ್ಲಿ ಒಟ್ಟಿಗೇ ಕೊರೆಯಿರಿ. ಕೈಡ್ರಿಲ್ ಬೇಡ. ತೂತಿನ ನಡು ಅಂಚಿನಿಂದ 5 ಮಿ.ಮೀ. ಆದರೂ ಒಳಗಿರಲಿ. ಎರಡೂ ಪಟ್ಟಿ 2.8ಕ್ಕೆ ಬರಲಿ, 0.1ಕ್ಕಿಂತ ವ್ಯತ್ಯಾಸ ಬೇಡ. ಬೆಣೆಯ ಮುಂಭಾಗಕ್ಕೂ ಮುಚ್ಚಿದ ಅಲಗಿನ ತುದಿಗೂ ನಡುವೆ 3 ಮಿ.ಮೀ. ಖಾಲಿ ಇರಬೇಕು. ಇದನ್ನು ಮರ ಕುಯ್ಯುವ ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿಕೊಳ್ಳುವುದು ಒಳ್ಳೆಯದು.

ಮುಖ್ಯವಾದದ್ದು: ಹೊರಮೈಯನ್ನು ಗುಂಡಗೆ ಮಾಡುವ ಮೊದಲೇ, ಪಟ್ಟಿಗಳು ಚಪ್ಪಟೆ ಇರುವಾಗಲೇ, ಎಂ 1.6 ಬೋಲ್ಟು ನಟ್ಟು ಹಾಕಿ ಎಲ್ಲವನ್ನೂ ಜೋಡಿಸಿ ನೋಡಿ. ಬಡಿದ ಪಿನ್ ಬಿಚ್ಚುವುದು ತಲೆನೋವು, ಬೋಲ್ಟ್ ಅರ್ಧ ನಿಮಿಷದ ಕೆಲಸ. ಅಲಗು ಒಂದು ಬದಿಗೆ ವಾಲಿದರೆ ಬೆಣೆಯನ್ನು ಮಗುಚಿ ಹಾಕಿ. ವಾಲುವ ಬದಿ ಬದಲಾದರೆ ತಪ್ಪು ಬೆಣೆಯದು. ಬದಲಾಗದಿದ್ದರೆ ಪಟ್ಟಿಗಳನ್ನು ಎಡ ಬಲ ಮಾಡಿ. ಆಗ ಬದಲಾದರೆ ಪಟ್ಟಿಯ ದಪ್ಪ ಅಥವಾ ತೂತಿನ ತಪ್ಪು. ಎರಡಕ್ಕೂ ಜಗ್ಗದಿದ್ದರೆ ಅಲಗೇ ಸೊಟ್ಟಗಿದೆ.

ಉಪ್ಪುಕಾಗದ:
ಮರದ ವಿಷಯ ಯಾರೂ ಎತ್ತಲಿಲ್ಲ. ಪೀಠೋಪಕರಣದ ಅಂಗಡಿಯ ಬೀಟೆ ಚೂರಾದರೆ ಒಣಗಿರುವ ಸಾಧ್ಯತೆ ಹೆಚ್ಚು, ಆದರೂ 4 ಮಿ.ಮೀ.ಗೆ ಸೀಳಿದ ಮೇಲೆ ಗಾಳಿಯಾಡುವಲ್ಲಿ ಇಟ್ಟು ದಿನವೂ ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ವಾರ ತೂಕ ಬದಲಾಗದಿದ್ದರೆ ಕೊನೆಯ ದಪ್ಪಕ್ಕೆ ತನ್ನಿ. ಮಲೆನಾಡಿನ ಮಳೆಗಾಲದಲ್ಲಿ ಈ ಹೆಜ್ಜೆ ಬಿಟ್ಟರೆ ಬೇಸಿಗೆಯಲ್ಲಿ ಪಟ್ಟಿ ಸೊಟ್ಟಗಾಗುತ್ತದೆ. ಬೀಟೆಯ ಧೂಳು ಕೆಲವರಿಗೆ ಚರ್ಮದ ತುರಿಕೆ, ಉಬ್ಬಸ ತರಿಸುತ್ತದೆ. ಎನ್95 ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಹೊಸಕತ್ತಿ:
ಮೇಲೆ ಅಗಸೆ ಎಣ್ಣೆ ಹಚ್ಚೋಣ ಅಂತಿದ್ದೆ. ಇಲ್ಲವೇ ಚನ್ನಪಟ್ಟಣದ ಗೊಂಬೆಗಳಂತೆ ಅರಗು?

ಉಪ್ಪುಕಾಗದ:
ಎರಡೂ ಬೇಡ. ಬೀಟೆಯೊಳಗಿನ ಸಹಜ ಎಣ್ಣೆಯಂಶ ಅಗಸೆ ಎಣ್ಣೆಯನ್ನು ಒಣಗಲು ಬಿಡುವುದಿಲ್ಲ, ವಾರಗಟ್ಟಲೆ ಅಂಟಂಟು ಉಳಿಯುತ್ತದೆ. ಚನ್ನಪಟ್ಟಣದವರು ಆಲೆಮರವನ್ನು ಚರಕಿಗೆ ಕಟ್ಟಿ ತಿರುಗಿಸಿ, ಆ ತಿಕ್ಕಾಟದ ಬಿಸಿಗೆ ಅರಗು ಕರಗಿಸಿ ಹತ್ತಿಸುತ್ತಾರೆ. ಚಪ್ಪಟೆ ಪಟ್ಟಿಗೆ ಅದು ಒಗ್ಗುವುದಿಲ್ಲ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ನೀರಿಗೆ ಬೆಳ್ಳಗಾಗುತ್ತದೆ, ಆಫ್ಟರ್‌ಶೇವ್ ತಾಗಿದರೆ ಕರಗುತ್ತದೆ.

ಬಚ್ಚಲಲ್ಲಿ ಇರುವ ವಸ್ತುವಿಗೆ ತೆಳು ಸೂಪರ್‌ಗ್ಲೂ ಲೇಪವೇ ಸರಿ. 400ರ ಕಾಗದದವರೆಗೆ ಉಜ್ಜಿ, ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಅಸಿಟೋನ್ ಆರಿದ ಕೂಡಲೇ ಹಚ್ಚಿ. ತಡ ಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಎಂಟರಿಂದ ಹತ್ತು ತೆಳು ಪದರ, ನಡುವೆ ನಾಲ್ಕನೇ ಪದರಕ್ಕೊಮ್ಮೆ 600ರಲ್ಲಿ ಸಮ ಮಾಡಿ. ಒಳಮೈಗೂ ಕನಿಷ್ಠ ನಾಲ್ಕು ಪದರ ಬೇಕೇ ಬೇಕು, ತೂತಿನ ಒಳಗೋಡೆಗೂ ಒಂದು ಹನಿ. ಹೊರಗೆ ಮಾತ್ರ ಮುಚ್ಚಿ ಒಳಗೆ ಬಿಟ್ಟರೆ ಮರ ಒಂದೇ ಕಡೆಯಿಂದ ತೇವ ಕುಡಿದು ಬಾಗುತ್ತದೆ. ತೂತು ಲೇಪದಿಂದ ಕಿರಿದಾದರೆ 1.7ರ ಬಿಟ್ಟನ್ನು ಬೆರಳಲ್ಲಿ ತಿರುಗಿಸಿ ಬಿಡಿಸಿಕೊಳ್ಳಿ.

ಇನ್ನೊಂದು: ಒಡೆದ ಸೆಲ್ಯುಲಾಯ್ಡ್ ಹಿಡಿಯನ್ನು ಕತ್ತಿಯ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟಿದ್ದರೆ ಇವತ್ತೇ ಬೇರೆ ಮಾಡಿ. ಅದು ಕೊಳೆಯುವಾಗ ಆಮ್ಲದ ಆವಿ ಬಿಡುತ್ತದೆ, ಅಲಗಿಗೆ ತುಕ್ಕು ಹಿಡಿಯುತ್ತದೆ. ಬೆಂಕಿಯ ಹತ್ತಿರವೂ ಇಡಬಾರದು, ಭಗ್ಗನೆ ಹತ್ತಿಕೊಳ್ಳುವ ವಸ್ತು.

ಬೀಟೆಚಕ್ಕೆ:
ಬೆಣೆಗೆ ಅಂಟು ಹಾಕುವುದಾದರೆ ಅರಾಲ್ಡೈಟ್, ಅದೂ ಬೋಲ್ಟ್ ಪರೀಕ್ಷೆ ಮುಗಿದ ಮೇಲೆ.

ಹಿತ್ತಾಳೆಮೊಳೆ:
ಇಲ್ಲಿ ನನ್ನದು ಬೇರೆ ಮಾತು. ಬೆಣೆಗೆ ಪಿನ್ ಒಂದೇ ಸಾಕು, ಅಂಟು ಬೇಡ. ಮುಂದೆ ಬಿಗಿ ತಪ್ಪಿದರೆ ಬೆಣೆ ಮಾತ್ರ ಬದಲಿಸಬಹುದು, ಅಂಟಿಸಿದರೆ ಪಟ್ಟಿಯೂ ಹೋಗುತ್ತದೆ.

ಬೀಟೆಚಕ್ಕೆ:
ಪಿನ್ ಒಂದೇ ಆದರೆ ಬೆಣೆ ಅದರ ಸುತ್ತ ತಿರುಗಬಹುದು, ಸಂದಿಗೆ ನೀರೂ ಇಳಿಯುತ್ತದೆ. ಆದರೂ ಮೊದಲ ಹಿಡಿಗೆ ನಿಮ್ಮ ಮಾತೇ ಸರಿ, ಬಿಚ್ಚುವ ಸಂದರ್ಭ ಬರುತ್ತದೆ.

ಹೊಸಕತ್ತಿ:
ಹೊಸ ಪಟ್ಟಿ ಎರಡೂ 2.8. ಬೆಣೆ 2.9ರಿಂದ 2.2. ಟ್ಯಾಂಗಿನ ತೂತು 2.4 ಇತ್ತು, ಕೊಳವೆಯ ಬುಷ್ ಹಾಕಿದೆ. ಬೋಲ್ಟ್ ಹಾಕಿ ನೋಡಿದರೆ ಬಿಗಿ ಚೆನ್ನಾಗಿದೆ, ಕತ್ತಿ ಬಿಟ್ಟಲ್ಲಿ ನಿಲ್ಲುತ್ತದೆ. ಆದರೆ ತುದಿ ಈಗ ಬಲಪಟ್ಟಿಗೆ ತೀರಾ ಹತ್ತಿರ, ಕಾಗದದ ಹಾಳೆ ತೂರಿಸಿದರೆ ಸಿಕ್ಕಿಕೊಳ್ಳುತ್ತದೆ. ಬೆಣೆ ಮಗುಚಿದೆ, ಪಟ್ಟಿ ಅದಲುಬದಲು ಮಾಡಿದೆ, ಎರಡಕ್ಕೂ ಬದಲಾಗಲಿಲ್ಲ.

ಬೀಟೆಚಕ್ಕೆ:
ಹಾಗಾದರೆ ಅಲಗಿನದೇ ಸೊಟ್ಟು. ಹಳೆಯ ಕತ್ತಿಗಳಲ್ಲಿ ಇದು ಸಾಮಾನ್ಯ, ಕ್ಷೌರಕ್ಕೆ ಅಡ್ಡಿಯಿಲ್ಲ. ಬಗ್ಗಿಸಿ ನೆಟ್ಟಗೆ ಮಾಡಲು ಹೋಗಬೇಡಿ, ಗಡುಸು ಉಕ್ಕು ಗಾಜಿನಂತೆ ಮುರಿಯುತ್ತದೆ. ಬಲಗಡೆಯ ಒಳವಾಷರ್ 0.4, ಎಡಗಡೆಯದು 0.2 ಮಾಡಿ, ಅಲಗು 0.1 ಎಡಕ್ಕೆ ಸರಿಯುತ್ತದೆ. ಇನ್ನೂ ಸಾಲದಿದ್ದರೆ ಬಲಪಟ್ಟಿಯ ಒಳಮೈಯಲ್ಲಿ ತುದಿ ಬರುವ ಜಾಗವನ್ನಷ್ಟೇ, 30 ಮಿ.ಮೀ. ಉದ್ದಕ್ಕೆ 0.3 ಆಳ ಹೆರೆಯಿರಿ. ಮೊದಲು ಉಜ್ಜಬೇಡಿ ಎಂದದ್ದು ಪೂರ್ತಿ ಪಟ್ಟಿಗೆ. ಇಷ್ಟು ಚಿಕ್ಕ ತಗ್ಗಿನಿಂದ ಬಿಗುಪು ಸ್ವಲ್ಪ ಇಳಿದೀತು, ಪೂರ್ತಿ ಪಟ್ಟಿ ಉಜ್ಜಿದಷ್ಟಲ್ಲ. ಹೆರೆದ ಮೇಲೆ ಆ ಜಾಗಕ್ಕೆ ಮತ್ತೆ ಲೇಪ ಕೊಡಿ.

ಹೊಸಕತ್ತಿ:
ವಾಷರ್ ಬದಲಿಸಿ, 0.2 ಹೆರೆದೆ. ಈಗ ಕಾಗದ ಎರಡೂ ಬದಿ ಸರಾಗವಾಗಿ ಆಡುತ್ತದೆ. ನಾಳೆ ಪಿನ್ ಬಡಿಯುತ್ತೇನೆ. ಪಿವಟ್ಟಿಗೆ ಕೊಬ್ಬರಿ ಎಣ್ಣೆ ಆಗುತ್ತಾ?

ಹಿತ್ತಾಳೆಮೊಳೆ:
ಆಗಲ್ಲ, ಚಳಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಜಿಡ್ಡುಗಟ್ಟುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸೂಜಿಮೊನೆಯಲ್ಲಿ ಒಂದು ಹನಿ, ಟ್ಯಾಂಗಿಗೂ ವಾಷರ್‌ಗೂ ನಡುವೆ. ಹೆಚ್ಚಾದದ್ದನ್ನು ಒರೆಸಿ. ಬಡಿಯುವಾಗ ಅಲಗಿನ ಟೇಪ್ ಬಿಚ್ಚಬೇಡಿ.