58ಕ್ಕೆ ಕೈಗೆ ಬರುವ ಪಿಎಫ್ ದುಡ್ಡು ಎಲ್ಲಿಡಲಿ? ಅನುಭವ ಇರುವವರು ಹೇಳಿ

ಸ್ಟೋರ್ಸ್ ಮೈಸೂರು:
ಎಲ್ಲರಿಗೂ ನಮಸ್ಕಾರ. ಮೈಸೂರಿನ ಹತ್ತಿರ ಒಂದು ಖಾಸಗಿ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದೇನೆ. ಮಾರ್ಚ್‌ಗೆ 58 ತುಂಬಿ ರಿಟೈರ್ ಆಗುತ್ತೇನೆ. ಪಿಎಫ್ 38 ಲಕ್ಷ, ಗ್ರಾಚ್ಯುಟಿ 5.7 ಲಕ್ಷ ಬರಬಹುದು. ಇಪಿಎಸ್ (ಪಿಎಫ್ ಜೊತೆಗಿನ ಪಿಂಚಣಿ ಯೋಜನೆ) ಪಿಂಚಣಿ ತಿಂಗಳಿಗೆ 4 ಸಾವಿರ ಚಿಲ್ಲರೆ. ಸ್ವಂತ ಮನೆ ಇದೆ, ಸಾಲ ಇಲ್ಲ, ಮನೆ ಖರ್ಚು 35 ಸಾವಿರ. ಭಾವಮೈದ ನಂಜನಗೂಡು ರಸ್ತೆಯಲ್ಲಿ ಸೈಟು ತಗೊಳ್ಳಿ ಅಂತಾನೆ. ಮಗಳು ಮ್ಯೂಚುವಲ್ ಫಂಡ್ ಅಂತಾಳೆ. ಮನೆಯವಳು ಪೋಸ್ಟಾಫೀಸು ಅಂತಾಳೆ. ನೀವು ಏನು ಮಾಡಿದಿರಿ, ಏನಾಯಿತು, ಹೇಳಿ.

ಹಾಸನ ಮೇಷ್ಟ್ರು:
ನಿಮ್ಮ ಮನೆಯವರು ಹೇಳಿದ್ದೇ ಸರಿ. ನಾನು 2019ರ ಮೇ ತಿಂಗಳಲ್ಲಿ ನಿವೃತ್ತನಾದೆ. ಆಗ ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 15 ಲಕ್ಷಕ್ಕಿಂತ ಜಾಸ್ತಿ ಇಡಲು ಬಿಡುತ್ತಿರಲಿಲ್ಲ, ಬಡ್ಡಿ 8.7 ಇತ್ತು. ಮೂರು ತಿಂಗಳಿಗೆ 32,625 ರೂಪಾಯಿ. ಒಂದು ಸಲವೂ ತಪ್ಪಲಿಲ್ಲ. ಕೊರೊನಾ ಬಂತು, ಅಂಗಡಿ ಮುಚ್ಚಿತು, ಬಸ್ಸು ನಿಂತಿತು, ನನ್ನ ಬಡ್ಡಿ ಮಾತ್ರ ಬಂತು. 2023ರ ಏಪ್ರಿಲ್‌ನಿಂದ ಮಿತಿ 30 ಲಕ್ಷ ಆಯಿತು. ಐದು ವರ್ಷ ಮುಗಿದ ಮೇಲೆ ಪೂರ್ತಿ 30 ಲಕ್ಷ ಇಟ್ಟೆ. 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೆ 61,500. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ, ತಿಂಗಳ ಶುರುವಿನಲ್ಲೇ ಜಮಾ. ಪಕ್ಕದ ಮನೆಯವರು ಎರಡು ಪರ್ಸೆಂಟ್ ಜಾಸ್ತಿ ಕೊಡುತ್ತಾರೆ ಅಂತ ಒಂದು ಸೌಹಾರ್ದ ಸಂಘದಲ್ಲಿ ಇಟ್ಟರು. ನನ್ನನ್ನೂ ಕರೆದರು. ನಾನು ಹೋಗಲಿಲ್ಲ. ಇವತ್ತು ಅವರು ಸಂಘದ ಬಾಗಿಲಿನಲ್ಲಿ ನಿಂತಿದ್ದಾರೆ.

ರಾಜಾಜಿನಗರ ಗೃಹಿಣಿ:
ಮೇಷ್ಟ್ರೇ, ಬಾಗಿಲಿನಲ್ಲಿ ನಿಂತವರ ಕಷ್ಟ ನಿಂತವರಿಗೇ ಗೊತ್ತು. ನಮ್ಮದು ಸಂಘ ಅಲ್ಲ, ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇದ್ದ ಸಹಕಾರಿ ಬ್ಯಾಂಕು. ಹೆಸರು ಹೇಳುವುದಿಲ್ಲ. ನಮ್ಮವರು ನಿವೃತ್ತಿಯಲ್ಲಿ ಬಂದ 18 ಲಕ್ಷ ಒಂದೇ ಹೆಸರಿನಲ್ಲಿ ಇಟ್ಟರು. ಅಲ್ಲಿನ ನಿರ್ದೇಶಕರೊಬ್ಬರು ನಮ್ಮ ದೇವಸ್ಥಾನದಲ್ಲಿ ದಿನಾ ಸಿಗುತ್ತಿದ್ದವರು, ಅವರ ಮಾತೇ ಗ್ಯಾರಂಟಿ ಆಗಿತ್ತು. ಒಂದು ದಿನ ಬೆಳಿಗ್ಗೆ ಬ್ಯಾಂಕಿನ ಮುಂದೆ ಪೊಲೀಸ್ ಜೀಪು. ಇಷ್ಟೇ ಸಾವಿರ ತೆಗೆಯಬಹುದು ಅಂತ ಶಟರ್ ಮೇಲೆ ಚೀಟಿ ಅಂಟಿಸಿದ್ದರು. ಮೊಮ್ಮಗನ ಫೀಸಿಗೆ ನನ್ನ ಎರಡು ಬಳೆ ಅಡ ಇಟ್ಟೆವು. ಕೊನೆಗೆ ಠೇವಣಿ ವಿಮೆಯಿಂದ 5 ಲಕ್ಷ ಬಂತು. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಎಲ್ಲ ಸೇರಿ ಅಷ್ಟೇ. 2020ರ ಫೆಬ್ರವರಿಗೆ ಮುಂಚೆ ಅದು ಬರೀ 1 ಲಕ್ಷ ಇತ್ತಂತೆ. ನಮ್ಮಿಬ್ಬರ ಹೆಸರಿನಲ್ಲಿ ಒಂದು, ನನ್ನ ಹೆಸರು ಮೊದಲು ಬರುವ ಹಾಗೆ ಇನ್ನೊಂದು, ಹೀಗೆ ಇಟ್ಟಿದ್ದರೆ ಒಂದೊಂದಕ್ಕೂ ಬೇರೆ ಬೇರೆ 5 ಲಕ್ಷ ಸಿಗುತ್ತಿತ್ತು. ಇದನ್ನು ಆ ಕೌಂಟರಿನಲ್ಲಿ ಕೂತವರು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಿಕ್ಕ 13 ಲಕ್ಷದ ಕಾಗದ ಬೀರುವಿನಲ್ಲಿದೆ. ಪತ್ತಿನ ಸಂಘ, ಸೌಹಾರ್ದ ಸಂಘಗಳಿಗೆ ಈ 5 ಲಕ್ಷದ ವಿಮೆಯೂ ಇಲ್ಲ, ತಿಳಿದಿರಲಿ.

ನಿಫ್ಟಿ ಗೌಡ:
ಎಲ್ಲರೂ ಅಸಲು ಉಳಿಯಿತಾ ಅಂತ ಮಾತ್ರ ನೋಡುತ್ತಿದ್ದೀರಿ. ಅಸಲು ಉಳಿದು ಬೆಲೆ ಹೋದರೆ? ವರ್ಷಕ್ಕೆ 6 ಪರ್ಸೆಂಟ್ ಬೆಲೆ ಏರಿದರೆ ಇವತ್ತಿನ 35 ಸಾವಿರದ ಖರ್ಚು 12 ವರ್ಷಕ್ಕೆ 70 ಸಾವಿರ. ಮೇಷ್ಟ್ರ ಮೂರು ತಿಂಗಳ 61,500 ಆಗಲೂ 61,500ರ ಹತ್ತಿರವೇ ಇರುತ್ತೆ.

ನನ್ನ ಕಥೆ ಕೇಳಿ. 2007ರಲ್ಲಿ ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಕಟ್ಟುವುದು, ಶುರು ಮಾಡಿದೆ. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ಹೊತ್ತಿಗೆ 8 ಸಾವಿರದ ಹತ್ತಿರ ಬಂತು. ಮನೆಯಲ್ಲಿ ಜಗಳ, ಮಾವನವರಿಂದ ಬುದ್ಧಿಮಾತು. ನಿಲ್ಲಿಸಲಿಲ್ಲ. 54ಕ್ಕೆ ಕೆಲಸ ಬಿಟ್ಟೆ. ಮೂರು ವರ್ಷದ ಖರ್ಚು ಎಫ್‌ಡಿ ಮತ್ತು ಬೇಗ ಕೈಗೆ ಸಿಗುವ ಲಿಕ್ವಿಡ್ ಫಂಡಿನಲ್ಲಿ, ಉಳಿದದ್ದು ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡಿನಲ್ಲಿ. 2020ರ ಮಾರ್ಚ್ ಹೊತ್ತಿಗೆ ಸೆನ್ಸೆಕ್ಸ್ 42 ಸಾವಿರದಿಂದ 26 ಸಾವಿರಕ್ಕೆ ಬಿತ್ತು. ಫಂಡಿನ ಒಂದು ಯೂನಿಟ್ಟೂ ಮಾರಲಿಲ್ಲ, ಎಫ್‌ಡಿ ಮುರಿದು ಊಟ ಮಾಡಿದೆ. ಈಗ ತಿಂಗಳಿಗೆ 40 ಸಾವಿರ ಎಸ್‌ಡಬ್ಲ್ಯೂಪಿ (ಫಂಡಿನಿಂದ ತಿಂಗಳು ತಿಂಗಳು ತೆಗೆಯುವ ಹಣ) ಬರುತ್ತೆ, ಆದರೂ ಗಂಟು ಶುರು ಮಾಡಿದ್ದಕ್ಕಿಂತ ದೊಡ್ಡದಿದೆ. ತೆರಿಗೆ? ವರ್ಷಕ್ಕೆ 1.25 ಲಕ್ಷ ಲಾಭದವರೆಗೆ ಇಲ್ಲ, ಮೇಲಿನದಕ್ಕೆ 12.5 ಪರ್ಸೆಂಟ್. ಎಫ್‌ಡಿ ಬಡ್ಡಿಯಾದರೆ ಪೂರ್ತಿ ಆದಾಯಕ್ಕೆ ಸೇರುತ್ತೆ.

ಹಾಸನ ಮೇಷ್ಟ್ರು:
ಗೌಡ್ರೇ, 54ಕ್ಕೆ ಕೆಲಸ ಬಿಡುವಷ್ಟು ಸಂಬಳ ತಗೊಂಡವರು ಸ್ಟೋರ್ಸ್‌ನಲ್ಲಿ ದುಡಿದವರಿಗೆ ಧೈರ್ಯ ಹೇಳಬೇಡಿ. 26 ಸಾವಿರಕ್ಕೆ ಬಿದ್ದಾಗ ಇವರಿಗೆ ರಾತ್ರಿ ನಿದ್ದೆ ಬರುತ್ತಾ?

ನಿಫ್ಟಿ ಗೌಡ:
ನಿದ್ದೆ ಮಾತ್ರೆಗಿಂತ ಪೋಸ್ಟಾಫೀಸು ದುಬಾರಿ ಆಗುತ್ತೆ ಮೇಷ್ಟ್ರೇ. ನಿಮ್ಮ ಯೋಜನೆಯ ಬಡ್ಡಿ 8.6ರಿಂದ ಒಂದೇ ಏಟಿಗೆ 7.4 ಆಗಲಿಲ್ವಾ, 2020ರ ಏಪ್ರಿಲ್‌ನಲ್ಲಿ?

ಹಾಸನ ಮೇಷ್ಟ್ರು:
ಹೊಸದಾಗಿ ಇಟ್ಟವರಿಗೆ ಆಯಿತು. ಇಟ್ಟ ದಿನದ ಬಡ್ಡಿ ಐದು ವರ್ಷ ಹಾಗೇ ಇರುತ್ತೆ. ನನಗೆ 8.7ಏ ಬಂತು. ಗೊತ್ತಿಲ್ಲದೆ ಬರೆಯಬೇಡಿ.

ದಾವಣಗೆರೆ ಮಗ:
ಇಬ್ಬರೂ ಸ್ವಲ್ಪ ನಿಲ್ಲಿ. ಅಪ್ಪ 2021ರಲ್ಲಿ 15 ಲಕ್ಷ ಇದೇ ಯೋಜನೆಗೆ ಹಾಕಿದರು, ಒಂದೇ ಖಾತೆಯಲ್ಲಿ. ಒಂದು ವರ್ಷದ ಮೇಲೆ ಎರಡು ತಿಂಗಳು ಕಳೆದಿತ್ತು, ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆ ಬಿಲ್ಲು 6 ಲಕ್ಷ 80 ಸಾವಿರ. ವಿಮೆ 3 ಲಕ್ಷದ್ದು. ಅದರಲ್ಲೂ ರೂಮಿನ ಬಾಡಿಗೆ ಮಿತಿ ಮೀರಿತು ಅಂತ ಎಲ್ಲಾ ಬಾಬ್ತಿನಲ್ಲೂ ಕತ್ತರಿ ಹಾಕಿ 2 ಲಕ್ಷ 14 ಸಾವಿರ ಕೊಟ್ಟರು. ಗ್ಲೌಸು, ಸಿರಿಂಜು, ಅಡ್ಮಿಷನ್ ಕಿಟ್ಟು ನಮ್ಮ ತಲೆಗೆ. ಉಳಿದದ್ದಕ್ಕೆ ಖಾತೆಯಿಂದ 5 ಲಕ್ಷ ಕೊಡಿ ಅಂದರೆ ಆಗಲ್ಲ. ಅರ್ಧ ತೆಗೆಯುವುದಕ್ಕೆ ಅವಕಾಶವೇ ಇಲ್ಲ, ಪೂರ್ತಿ ಮುಚ್ಚಬೇಕು. ಎರಡು ವರ್ಷ ಆಗಿಲ್ಲ ಅಂತ ಒಂದೂವರೆ ಪರ್ಸೆಂಟ್, 22,500 ರೂಪಾಯಿ ಮುರಿದುಕೊಂಡರು. ವರ್ಷದೊಳಗಾಗಿದ್ದರೆ ಕೊಟ್ಟ ಬಡ್ಡಿಯನ್ನೂ ಅಸಲಿನಿಂದ ವಾಪಸ್ ತಗೊಳ್ಳುತ್ತಿದ್ದರು. ಖಾತೆ ಮುಚ್ಚಲು ಅಪ್ಪನ ಸಹಿ ಬೇಕು. ಅವರ ಬಲಗೈ ಆಡುತ್ತಿರಲಿಲ್ಲ. ಎಡಗೈ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ, ಸಾಕ್ಷಿಗಳ ಸಹಿ ಹಾಕಿಸಿ, ಅಂಚೆ ಕಚೇರಿಗೂ ಆಸ್ಪತ್ರೆಗೂ ಓಡಾಡಿದೆ.

ಯಾರೇ ಇಟ್ಟರೂ 5 ಲಕ್ಷದಂತೆ ಬೇರೆ ಬೇರೆ ಖಾತೆ ಮಾಡಿಸಿ. ಬೇಕಾದರೆ ಒಂದನ್ನೇ ಮುರಿಯಬಹುದು.

ಎನ್‌ಪಿಎಸ್ ಟೀಚರ್ ಕೊಪ್ಪಳ:
ಮೇಷ್ಟ್ರೇ, ನೀವು ಬಡ್ಡಿಯ ಲೆಕ್ಕ ಹೇಳಿದಿರಿ, ಪಿಂಚಣಿಯ ಲೆಕ್ಕ ಯಾಕೆ ಹೇಳಲಿಲ್ಲ? ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಬೆಲೆ ಏರಿದರೆ ಅದೂ ಏರುತ್ತೆ. ಅದಿದ್ದಾಗ ಯಾರಿಗೆ ಬೇಕಾದರೂ ನಿದ್ದೆ ಬರುತ್ತೆ. 2006ರ ಏಪ್ರಿಲ್ 1ರ ನಂತರ ಸೇರಿದ ನಮಗೆ ಅದಿಲ್ಲ, ಸಂಬಳದಿಂದ ಹಿಡಿದು ಕೂಡಿಸುವ ಎನ್‌ಪಿಎಸ್ ಮಾತ್ರ. ಅದೇ ಪಾಠ, ಅದೇ ಜನಗಣತಿ, ಅದೇ ಚುನಾವಣೆ ಡ್ಯೂಟಿ. ನಮ್ಮ ಶಾಲೆಯಿಂದ ನಿವೃತ್ತರಾದ ಸಹೋದ್ಯೋಗಿಗೆ 22 ಲಕ್ಷ ಕೂಡಿತ್ತು. 40 ಪರ್ಸೆಂಟ್, ಅಂದರೆ 8.8 ಲಕ್ಷ, ಕಡ್ಡಾಯವಾಗಿ ಆ್ಯನ್ಯುಟಿಗೆ (ತಿಂಗಳು ತಿಂಗಳು ಹಣ ಕೊಡುವ ಪಾಲಿಸಿ) ಹೋಯಿತು. ಅದರಿಂದ ತಿಂಗಳಿಗೆ 4,400. ಮೊದಲ ತಿಂಗಳೂ ಅಷ್ಟೇ, ಇಪ್ಪತ್ತು ವರ್ಷ ಆದ ಮೇಲೂ ಅಷ್ಟೇ. ತುಟ್ಟಿಭತ್ಯೆ ಅನ್ನೋ ಪದವೇ ಅಲ್ಲಿಲ್ಲ.

ಹಾಸನ ಮೇಷ್ಟ್ರು:
ನಾನು 1985ರಲ್ಲಿ ಸೇರಿದಾಗ ಸಂಬಳ ಎಷ್ಟಿತ್ತು ಗೊತ್ತೇನಮ್ಮ? ಪಿಂಚಣಿ ಯಾರೂ ದಾನ ಕೊಟ್ಟದ್ದಲ್ಲ.

ಎನ್‌ಪಿಎಸ್ ಟೀಚರ್ ಕೊಪ್ಪಳ:
ನಾನು ದಾನ ಅಂದಿಲ್ಲ ಸರ್. ನಮಗೂ ಕೊಡಿ ಅಂತಿದ್ದೇನೆ.

ನಿಫ್ಟಿ ಗೌಡ:
ನಿಮ್ಮಿಬ್ಬರ ಪಿಂಚಣಿಗೂ ನಮ್ಮ ತೆರಿಗೆಯೇ ಬೇಕು ತಾನೇ? ಖಾಸಗಿಯವರಿಗೆ ಏನಿದೆ? ಪ್ರಶ್ನೆ ಕೇಳಿದವರ 4 ಸಾವಿರ ನೋಡಿ. 2014ರ ಆಗಸ್ಟ್‌ವರೆಗಿನ ಸೇವೆಗೆ ಸಂಬಳ ಎಷ್ಟೇ ಇರಲಿ 6,500 ಅಂತ ಹಿಡಿಯುತ್ತಾರೆ, ಆಮೇಲಿನದಕ್ಕೆ 15,000. ವರ್ಷದಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಮೂವತ್ತು ವರ್ಷ ದುಡಿದರೂ ಇಷ್ಟೇ ಬರುವುದು ಅದಕ್ಕೆ.

ಎನ್‌ಪಿಎಸ್ ಟೀಚರ್ ಕೊಪ್ಪಳ:
ನಾವೂ ತೆರಿಗೆ ಕಟ್ಟುತ್ತೇವೆ ಸರ್, ಸಂಬಳದಲ್ಲೇ ಹಿಡಿಯುತ್ತಾರೆ. ಮಾತು ನೋಡಿಕೊಂಡು ಆಡಿ.

ಕೊರಟಗೆರೆ ಸೈಟು:
ಭಾವಮೈದನ ಸೈಟಿನ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಹೇಳುತ್ತೇನೆ. ತುಮಕೂರಿನಿಂದ ಆಚೆ 30-40 ಸೈಟು, 2012ರಲ್ಲಿ 5 ಲಕ್ಷ 40 ಸಾವಿರ. ಮುದ್ರಾಂಕ, ನೋಂದಣಿ, ಬರಹಗಾರರ ಫೀಸು ಸೇರಿ ಇನ್ನೊಂದು 42 ಸಾವಿರ. ಏಜೆಂಟರಿಗೆ 10 ಸಾವಿರ. ಬ್ರೋಷರಿನಲ್ಲಿ ಪಾರ್ಕು, ಚರಂಡಿ, ನೀರಿನ ಟ್ಯಾಂಕು. ಹೋಗಿ ನೋಡಿದರೆ ಕೆಂಪು ಮಣ್ಣಿನ ರಸ್ತೆ, ಎದೆಮಟ್ಟ ಪಾರ್ಥೇನಿಯಂ. ಭೂಪರಿವರ್ತನೆ ಆಗಿದೆ ಅಂದಿದ್ದರು. ಪಹಣಿ ತೆಗೆಸಿದರೆ ಇನ್ನೂ ಖುಷ್ಕಿ ಜಮೀನು. ವರ್ಷಕ್ಕೊಮ್ಮೆ ಜೆಸಿಬಿ ತರಿಸಿ ಸ್ವಚ್ಛ ಮಾಡಿಸಲು 3,500. ಮೂಲೆಯ ಕಲ್ಲು ಎರಡು ಸಲ ಕಾಣೆಯಾಯಿತು, ಸರ್ವೆಯವರಿಗೆ ಮತ್ತೆ ದುಡ್ಡು. ಮಾರೋಣ ಅಂದರೆ ಮೊದಲ ಪ್ರಶ್ನೆಯೇ ಇ-ಖಾತಾ ಇದೆಯಾ? ತಗೊಳ್ಳುವವನಿಗೆ ಬ್ಯಾಂಕ್ ಲೋನ್ ಆಗಲ್ಲ. ಈಗ ನೋಂದಣಿ ಶುಲ್ಕವೂ 1ರಿಂದ 2 ಪರ್ಸೆಂಟ್ ಆಗಿದೆ, 2025ರ ಆಗಸ್ಟ್ ಕೊನೆಯಿಂದ. ಬೆಲೆ ಏರಿಲ್ಲ ಅಂತಲ್ಲ, 14 ಲಕ್ಷ ಅಂತ ಎಲ್ಲರೂ ಹೇಳುತ್ತಾರೆ. ಚೆಕ್ ಬರೆಯುವವರು ಸಿಕ್ಕಿಲ್ಲ. 60 ದಾಟಿದ ಮೇಲೆ ಆ ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತುವ ಕೆಲಸ ಬೇಡ.

ಶಿರಸಿ ತೋಟ:
ನಾನು ಬ್ಯಾಂಕಿನಿಂದ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಬಂದ ದುಡ್ಡಿನಲ್ಲಿ 22 ಲಕ್ಷ ಅಡಿಕೆ ತೋಟಕ್ಕೇ ಹಾಕಿದೆ. ಹಳೇ ತೋಟಕ್ಕೆ ಒಂದೂವರೆ ಎಕರೆ ಹೊಸದಾಗಿ ಸೇರಿಸಿದೆ. ಬೋರಿಗೆ 1.6 ಲಕ್ಷ, ಮೊದಲನೆಯದರಲ್ಲಿ ನೀರು ಬರಲಿಲ್ಲ, ಎರಡನೆಯದಕ್ಕೆ 1.9 ಲಕ್ಷ. ಸಸಿ, ಮಣ್ಣು, ಹನಿ ನೀರಾವರಿ ಬೇರೆ. ಆರು ವರ್ಷ ಒಂದು ಕೊನೆಯೂ (ಅಡಿಕೆ ಗೊಂಚಲು) ಇಲ್ಲ. ಮಳೆಗಾಲಕ್ಕೆ ಕೊಳೆ ರೋಗ ಬರದಂತೆ ಎರಡು ಸಲ ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಬಿಡದಿದ್ದರೆ ಮೂರನೇ ಸಲವೂ ಬೇಕು. ಮೈಲುತುತ್ತು, ಸುಣ್ಣ, ರಾಳ, ಮೇಲೆ ಮರ ಹತ್ತುವ ಕೊನೆಗೌಡನ ಕೂಲಿ, ಅವನು ಸಿಗುವುದೇ ಪುಣ್ಯ. ಕೆಲವು ಮರಕ್ಕೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಿಸಿದೆ, ಅವುಗಳ ಕೊನೆ ಉಳಿಯಿತು, ಉಳಿದ ಕಡೆ ಕೊಳೆ ಬಂದು ಹಸಿ ಕಾಯಿ ರಾಶಿ ರಾಶಿ ಉದುರಿತು. ಈಗ ಎಲೆಚುಕ್ಕಿ ರೋಗ ಬೇರೆ. ಇಷ್ಟಾದರೂ ಹೇಳುತ್ತೇನೆ, ಬೆಳಿಗ್ಗೆ ಎದ್ದರೆ ಕೆಲಸ ಇದೆ, ಮಗ ಊರಿಗೆ ವಾಪಸ್ ಬಂದಿದ್ದಾನೆ. ಯಾವ ಫಂಡು ಕೊಡುತ್ತೆ ಇದನ್ನು? ಹಣ್ಣಡಿಕೆ ಒಣಗಿಸಿ ಚಾಲಿ ಮಾಡಿ ಇಟ್ಟುಕೊಂಡರೆ ದರ ಬಂದಾಗ ಕೊಡಬಹುದು.

ಚನ್ನಗಿರಿ ಅಡಿಕೆ:
ಭಟ್ರೇ, ಚಾಲಿ ಒಣಗಿಸುತ್ತಾ ಕೂತರೆ ದುಡ್ಡು ಯಾವಾಗ? ಹಸಿ ಇರುವಾಗಲೇ ಸುಲಿದು ಬೇಯಿಸಿ ಕೆಂಪಡಿಕೆ ಮಾಡಿ ಮಂಡಿಗೆ ಹಾಕಿ.

ಶಿರಸಿ ತೋಟ:
ನಮ್ಮಲ್ಲೂ ಕೆಂಪು ಮಾಡುತ್ತೇವೆ, ಚನ್ನಗಿರಿಯವರೇ ಕಲಿಸಬೇಕಿಲ್ಲ. ಸುಲಿಯುವವರು ಸಿಗಬೇಕಲ್ಲ. ನಿಮ್ಮದು ಬಯಲು, ಗದ್ದೆಗೆಲ್ಲ ಅಡಿಕೆ ಇಟ್ಟು ದರ ಇಳಿಸುತ್ತಿರುವವರೇ ನೀವು.

ಚನ್ನಗಿರಿ ಅಡಿಕೆ:
ದರ ಇಳಿಸುವುದು ಹೊರದೇಶದಿಂದ ಬರುವ ಅಡಿಕೆ. ನಾವು ಬೆಳೆದರೆ ನಿಮಗೇನು ಹೊಟ್ಟೆಯುರಿ?

ರಾಜಾಜಿನಗರ ಗೃಹಿಣಿ:
ಪಾಪ, ಕೇಳಿದವರು ಮೈಸೂರಿನವರು. ಅವರಿಗೆ ತೋಟ ಎಲ್ಲಿದೆ?

ಸ್ಟೋರ್ಸ್ ಮೈಸೂರು:
ಎಲ್ಲರಿಗೂ ಧನ್ಯವಾದ. ಸೈಟು ಬೇಡ ಅಂತ ಭಾವಮೈದನಿಗೆ ಹೇಳಿದೆ, ಮುನಿಸಿಕೊಂಡಿದ್ದಾನೆ. ಒಂದೇ ಅನುಮಾನ. 60 ಆಗದೆ ನನಗೆ ಹಿರಿಯ ನಾಗರಿಕರ ಯೋಜನೆಯಲ್ಲಿ ಇಡಲು ಬಿಡುತ್ತಾರಾ?

ಅಂಚೆ ನಿವೃತ್ತ ಧಾರವಾಡ:
ಬಿಡುತ್ತಾರೆ. ಈ ಕೌಂಟರಿನಲ್ಲಿ ಕೂತು ಸರ್ವೀಸು ಮುಗಿಸಿದವನು ನಾನು. 55 ದಾಟಿ ನಿವೃತ್ತರಾದವರು ನಿವೃತ್ತಿ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಇಡಬೇಕು. ಮೊದಲು ಒಂದೇ ತಿಂಗಳಿತ್ತು, 2023ರ ನವೆಂಬರ್‌ನಲ್ಲಿ ಮೂರು ಮಾಡಿದರು. ಬಂದ ನಿವೃತ್ತಿ ಹಣಕ್ಕಿಂತ ಜಾಸ್ತಿ ಇಡಲು ಆಗಲ್ಲ. ಕಂಪನಿಯಿಂದ ಒಂದು ಪತ್ರ ಬೇಕು. ನಿವೃತ್ತಿಯ ದಿನಾಂಕ, ಎಷ್ಟು ಹಣ ಬಂತು, ಎರಡೂ ಅದರಲ್ಲಿರಲಿ. ಕೆಲಸ ಬಿಟ್ಟ ಮೇಲೆ ಆ ಪತ್ರಕ್ಕೆ ಅಲೆಸುತ್ತಾರೆ, ಕೊನೆಯ ವಾರದಲ್ಲೇ ತಗೊಳ್ಳಿ. ಜಂಟಿ ಖಾತೆ ಹೆಂಡತಿ ಜೊತೆ ಮಾತ್ರ ಆಗುತ್ತೆ.

30 ಲಕ್ಷ ಇಟ್ಟರೆ ತಿಂಗಳಿಗೆ 20,500ರ ಲೆಕ್ಕ. ಇಪಿಎಸ್ ಸೇರಿ 24,500 ದಾಟುತ್ತೆ. 35 ಸಾವಿರಕ್ಕೆ ಇನ್ನೂ ಹತ್ತು ಸಾವಿರ ಕಡಿಮೆ. ಅಂಚೆಯ ಮಾಸಿಕ ಆದಾಯ ಯೋಜನೆಯಲ್ಲಿ 9 ಲಕ್ಷ ಇಟ್ಟರೆ 7.4ರಲ್ಲಿ 5,550. ಮಿಕ್ಕ 4 ಲಕ್ಷ ಚಿಲ್ಲರೆ ಆಸ್ಪತ್ರೆಗೆ ಅಂತ ಕೈಗೆ ಸಿಗುವ ಕಡೆ ಇರಲಿ. ಹೀಗೆ ಇಟ್ಟರೂ ತಿಂಗಳಿಗೆ ಐದು ಸಾವಿರ ಕೊರತೆ ಬೀಳುತ್ತೆ, ಖರ್ಚಿನಲ್ಲಿ ಎಲ್ಲಿ ಹಿಡಿಯಬಹುದು ಅಂತ ಮನೆಯವರ ಜೊತೆ ಈಗಲೇ ಕೂತು ನೋಡಿ. ಬಡ್ಡಿ ಉಳಿತಾಯ ಖಾತೆಗೆ ತಾನಾಗಿ ಬೀಳುವಂತೆ ಮೊದಲ ದಿನವೇ ಬರೆದುಕೊಡಿ. ತೆಗೆಯದೆ ಬಿಟ್ಟ ಬಡ್ಡಿಗೆ ಬಡ್ಡಿ ಬರಲ್ಲ.

ನಿಫ್ಟಿ ಗೌಡ:
ಆ 9 ಲಕ್ಷವನ್ನಾದರೂ ಇಂಡೆಕ್ಸ್ ಫಂಡಿಗೆ ಹಾಕಿ ಸರ್. 70ನೇ ವಯಸ್ಸಿಗೆ ಬೇಕಾಗುತ್ತೆ.

ಹಾಸನ ಮೇಷ್ಟ್ರು:
ಬೇಡ. ಧಾರವಾಡದವರು ಹೇಳಿದ ಹಾಗೇ ಮಾಡಿ.